ಮೊದಲ ಸಲ ಹೊರಡೋರಿಗೆ



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ, ಬೇಕಾದವರಿಗೆ ಕಳಿಸಿ.

ಹೋದ ವಾರ ರಾತ್ರಿ ಹನ್ನೊಂದು ಗಂಟೆಗೆ ಒಂದು ಫೋನ್ ಬಂತು. ಹಿಂದೆ ನಮ್ಮ ತಾಲ್ಲೂಕಿನ ಹಾಸ್ಟೆಲಿನಲ್ಲಿದ್ದ ಹುಡುಗಿ. 'ಪ್ರಬುದ್ಧ' ವಿದ್ಯಾರ್ಥಿವೇತನ ಸಿಕ್ಕಿ ಇಂಗ್ಲೆಂಡಿಗೆ ಎಂ.ಎಸ್ಸಿ. ಓದೋಕೆ ಹೊರಟಿದ್ದಾಳೆ. ನಾನು ಖುಷಿಯಲ್ಲಿ ಏನೇನೋ ಮಾತಾಡ್ತಾ ಇದ್ದೆ. ಅವಳು ತಡೆದು ತಡೆದು ಕೇಳಿದಳು: "ಅಕ್ಕ, ವಿಮಾನದಲ್ಲಿ ಕುಡಿಯೋ ನೀರಿಗೂ ದುಡ್ಡು ಕೊಡಬೇಕಾ? ಟಾಯ್ಲೆಟ್ ಬಾಗಿಲು ಹೆಂಗೆ ತೆಗೀತಾರೆ? ಕ್ಲಾಸಿನವರನ್ನ ಕೇಳೋಕೆ ನಾಚಿಕೆ ಆಯ್ತು."

ಐ.ಇ.ಎಲ್.ಟಿ.ಎಸ್. ಪಾಸಾದ ಹುಡುಗಿ, ಟಾಯ್ಲೆಟ್ ಬಾಗಿಲಿಗೆ ಹೆದರಿ ನಿದ್ದೆಗೆಟ್ಟಿದ್ದಾಳೆ. ನಾನು ನಗಲಿಲ್ಲ. ಮೊದಲ ಸಲ ದಿಲ್ಲಿ ಸಭೆಗೆ ವಿಮಾನದಲ್ಲಿ ಹೋದಾಗ ನಾನೂ ನೀರು ಕೇಳದೆ, ಜಾಗ ಬಿಟ್ಟು ಏಳದೆ ಕೂತಿದ್ದವಳು. ಉಳ್ಳವರ ಮನೆ ಮಕ್ಕಳಿಗೆ ಇದನ್ನೆಲ್ಲ ಚಿಕ್ಕಪ್ಪನೋ ಸೋದರಮಾವನೋ ಮಾತಿನ ಮಧ್ಯೆ ಹೇಳಿರ್ತಾರೆ. ಹೊಲ, ಮನೆ ಮಾತ್ರ ಆಸ್ತಿಯಲ್ಲ ಕಣ್ರೀ, ಇಂಥ ಸಣ್ಣ ಸಣ್ಣ ಮಾಹಿತಿನೂ ಆಸ್ತಿನೇ. ನಮಗೆ ಅದು ಬಂದಿಲ್ಲ. ಆದ್ದರಿಂದ ನನಗೆ ಗೊತ್ತಿರೋದನ್ನ ಇಲ್ಲಿ ಬರೀತಿದ್ದೀನಿ.

*ಮೊದಲು ಹೆಸರು*

ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಟಿಕೆಟ್ಟಿನಲ್ಲೂ ಹಾಗೇ ಇರಬೇಕು. ನಮ್ಮ ಜನಕ್ಕೆ ಇಲ್ಲೇ ಮೊದಲ ಎಡವಟ್ಟು. ಜಾತಿ ತೋರಿಸೋ ಅಡ್ಡಹೆಸರು ಬೇಡ ಅಂತಲೋ, ಇಲ್ಲವೇ ಇಲ್ಲ ಅಂತಲೋ, ಶಾಲೆಯಲ್ಲಿ ಹೆಸರಿನ ಜೊತೆ ಒಂದು ಇನಿಶಿಯಲ್ ಮಾತ್ರ ಬರೆಸಿರ್ತಾರೆ. ಆನ್‌ಲೈನ್ ಫಾರ್ಮು ಮಾತ್ರ 'ಸರ್‌ನೇಮ್' ತುಂಬದೆ ಮುಂದಕ್ಕೆ ಬಿಡಲ್ಲ. ಯು.ಎ.ಇ. ಅಂತೂ 2022ರ ನವೆಂಬರಿನಿಂದ ಒಂದೇ ಹೆಸರಿರೋ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಇಲ್ಲ ಅಂತ ನಿಯಮ ಮಾಡಿತು.

ಹಾಗಾಗಿ ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಶಿಯಲ್ ಬಿಡಿಸಿ, ಅಪ್ಪನ ಅಥವಾ ಅವ್ವನ ಪೂರ್ತಿ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಬರೆಸಿ. ಆ ಹುಡುಗಿ ಹಾಗೇ ಮಾಡಿಸಿದ್ದಾಳೆ. ಕೂಲಿ ಮಾಡೋ ಅಪ್ಪನ ಹೆಸರು ಈಗ ಅವಳ ಜೊತೆ ಲಂಡನ್ನಿಗೆ ಹೋಗುತ್ತೆ.

*ವಿಮಾನ*

ಮೈಸೂರಿನಿಂದ ಕೆ.ಎಸ್.ಆರ್.ಟಿ.ಸಿ.ಯ ಫ್ಲೈಬಸ್ ನೇರ ಕೆಂಪೇಗೌಡ ನಿಲ್ದಾಣಕ್ಕೆ ಹೋಗುತ್ತೆ. ಬೆಂಗಳೂರಿನ ಒಳಗಿಂದ ಬಿ.ಎಂ.ಟಿ.ಸಿ.ಯ ವಾಯುವಜ್ರ ಬಸ್ಸುಗಳಿವೆ. ಟ್ಯಾಕ್ಸಿಗೆ ಕೊಡೋದರಲ್ಲಿ ಸಣ್ಣ ಪಾಲು ಸಾಕು. ದೇಶದೊಳಗಿನ ವಿಮಾನಕ್ಕೆ 2 ಗಂಟೆ, ವಿದೇಶದ್ದಕ್ಕೆ 3 ಗಂಟೆ ಮುಂಚೆ ಅಲ್ಲಿರಿ.

ಮನೆಯಲ್ಲೇ ವೆಬ್ ಚೆಕ್-ಇನ್ ಮಾಡ್ಕೊಳ್ಳಿ. ದುಡ್ಡು ಕೊಟ್ಟು ಸೀಟು ಆರಿಸಿ ಅಂತ ಮೊಬೈಲು ಒತ್ತಾಯ ಮಾಡುತ್ತೆ. ಹೆದರಬೇಡಿ, ದುಡ್ಡು ಕೊಡದೆ ಮುಂದಕ್ಕೆ ಹೋಗೋ ದಾರಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತೆ. ಸೀಟು ಹೇಗೂ ಸಿಗುತ್ತೆ, ಕಿಟಕಿ ಪಕ್ಕದ್ದೇ ಸಿಗುತ್ತೆ ಅಂತ ಮಾತ್ರ ಹೇಳೋಕಾಗಲ್ಲ.

ಲಗೇಜಿನ ತೂಕ ಎಷ್ಟು ಅಂತ ಟಿಕೆಟ್ಟಿನಲ್ಲೇ ಬರೆದಿರುತ್ತೆ. ದೇಶದೊಳಗೆ ಸಾಮಾನ್ಯವಾಗಿ ಒಳಗೆ ಹಾಕೋ ಬ್ಯಾಗಿಗೆ 15 ಕೆ.ಜಿ., ಕೈಬ್ಯಾಗಿಗೆ 7 ಕೆ.ಜಿ. ಹೊರಡೋ ಮುಂಚೆ ಊರಿನ ಅಂಗಡಿಯಲ್ಲಿ ತೂಗಿಸಿ ನೋಡಿ. ಅಲ್ಲಿ ಹೋಗಿ ನಾಲ್ಕು ಜನರ ಮುಂದೆ ಪೆಟ್ಟಿಗೆ ಬಿಚ್ಚಿ ಅವ್ವ ಕಟ್ಟಿಕೊಟ್ಟ ಹುರಿಟ್ಟು ಹೊರಗೆ ತೆಗೆಯೋ ಸಂಕಟ ಬೇಡ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ಕೊಬ್ಬರಿ ಬಟ್ಟಲು ಒಳಗಿನ ಬ್ಯಾಗಿಗೆ ಹಾಕಬೇಡಿ, ಎಣ್ಣೆಯಂಶ ಜಾಸ್ತಿ, ಬೆಂಕಿ ಹಿಡಿಯುತ್ತೆ ಅಂತ ತೆಗೆಸ್ತಾರೆ. ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ. ಓದೋಕೆ ಹೋಗೋರು ಪ್ರವೇಶಪತ್ರ, ವಿದ್ಯಾರ್ಥಿವೇತನದ ಆದೇಶ, ವೀಸಾ ಕಾಗದ ಎಲ್ಲದರ ಪ್ರತಿಯನ್ನ ಕೈಬ್ಯಾಗಿನಲ್ಲೇ ಇಟ್ಕೊಳ್ಳಿ.

ಟಾಯ್ಲೆಟ್ ಬಾಗಿಲು: ಮಧ್ಯದಲ್ಲಿ ಮಡಿಚೋ ಗೆರೆ ಇದ್ದರೆ ಅಲ್ಲಿ ಒತ್ತಿ, ಒಳಕ್ಕೆ ಮಡಚಿಕೊಳ್ಳುತ್ತೆ. ಹಿಡಿ ಇದ್ದರೆ ಎಳೀರಿ. ಚಿಲಕ ಪೂರ್ತಿ ಹಾಕಿದ ಮೇಲೆ ಲೈಟು ಜೋರಾಗುತ್ತೆ. ಫ್ಲಶ್ ಮಾಡಿದರೆ ಭಾರಿ ಸದ್ದು ಬರುತ್ತೆ, ನೀವೇನೂ ಕೆಡಿಸಿಲ್ಲ. ಕಿವಿ ಕಟ್ಟಿದರೆ ಬಾಯಲ್ಲಿ ಒಂದು ಪೆಪ್ಪರ್‌ಮೆಂಟ್ ಇಟ್ಕೊಂಡು ಎಂಜಲು ನುಂಗ್ತಾ ಇರಿ.

ಇನ್ನು ನೀರು. ಖಾಲಿ ಬಾಟಲಿ ತಗೊಂಡು ಹೋಗಿ. ಸೆಕ್ಯುರಿಟಿ ದಾಟಿದ ಮೇಲೆ ಕುಡಿಯೋ ನೀರಿನ ನಲ್ಲಿ ಇರುತ್ತೆ, ತುಂಬಿಸಿಕೊಳ್ಳಿ. ವಿಮಾನದೊಳಗೆ ಬಾಯಾರಿದರೆ ಗುಂಡಿ ಒತ್ತಿ ಕೇಳಿ. ಒಂದು ಲೋಟ ನೀರಿಗೆ ದುಡ್ಡಿಲ್ಲ.

ಇದನ್ನ ಒತ್ತಿ ಯಾಕೆ ಹೇಳ್ತಿದ್ದೀನಿ ಅಂದರೆ, 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರು ಮೊದಲು ಬರೆದಿರೋದೇ ಒಂದು ಪ್ರಯಾಣದ ಕಥೆ. 1901ನೇ ಇಸವಿ. ಅಪ್ಪನನ್ನು ನೋಡೋಕೆ ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋದರು. ಬುತ್ತಿ ತುಂಬಾ ಊಟ ಇತ್ತು, ಕುಡಿಯೋಕೆ ನೀರು ಕೊಡೋರಿರಲಿಲ್ಲ. ಹಸಿದೇ ಮಲಗಿದರು. ಆ ಮಕ್ಕಳ ವಂಶದವರು ನಾವು. ನೀರು ಕೇಳೋಕೆ ನಮ್ಮ ನಾಲಿಗೆ ಇವತ್ತಿಗೂ ತಡವರಿಸೋದು ಸುಮ್ಮನೆ ಅಲ್ಲ. ಆದರೂ ಕೇಳಿ. ಎರಡನೇ ಲೋಟನೂ ಕೇಳಿ.

ಒಂದೆರಡು ಗಂಟೆ ಹಾರಾಟದ ದೇಶೀ ವಿಮಾನ 2 ಗಂಟೆ ಮೀರಿ ತಡವಾದರೆ, ಸಮಯಕ್ಕೆ ಚೆಕ್-ಇನ್ ಮಾಡಿದ ಪ್ರಯಾಣಿಕರಿಗೆ ತಿಂಡಿ, ಪಾನೀಯ ಕೊಡಬೇಕು ಅನ್ನೋದು ಡಿ.ಜಿ.ಸಿ.ಎ. ನಿಯಮ. ಕೌಂಟರಿನಲ್ಲಿ ಕೇಳೋದು ಭಿಕ್ಷೆ ಅಲ್ಲ.

*ಊಟ*

ದೂರದ ವಿಮಾನಗಳಲ್ಲಿ ಊಟಕ್ಕೆ ಮೊದಲೇ ಬರೆಸಬಹುದು, ಸಾಮಾನ್ಯವಾಗಿ 24 ಗಂಟೆ ಮುಂಚೆ. ಪ್ರತಿ ಊಟಕ್ಕೂ ಒಂದು ಕೋಡ್. ವಿ.ಜೆ.ಎಂ.ಎಲ್. ಅಂದರೆ ಜೈನರ ಊಟ, ಎ.ವಿ.ಎಂ.ಎಲ್. ಅಂದರೆ ನಮ್ಮ ಕಡೆ ಮಸಾಲೆಯ ಸಸ್ಯಾಹಾರ, ಎಂ.ಒ.ಎಂ.ಎಲ್. ಅಂದರೆ ಮುಸ್ಲಿಮರ ಊಟ, ಎಚ್.ಎನ್.ಎಂ.ಎಲ್. ಅಂದರೆ 'ಹಿಂದೂ ಮಾಂಸಾಹಾರ', ದನದ ಮಾಂಸ ಇರಲ್ಲ. ನಮ್ಮ ಕೇರಿ ಊಟಕ್ಕೆ ಇನ್ನೂ ಯಾರೂ ಕೋಡ್ ಕೊಟ್ಟಿಲ್ಲ. ಕೊಡೋವರೆಗೆ ಕೋಳಿ ಇರೋದನ್ನ ನೋಡಿ ಟಿಕ್ ಮಾಡಿ.

ಕಡಿಮೆ ದರದ ವಿಮಾನದಲ್ಲಿ ಊಟಕ್ಕೆ ಬೇರೆ ದುಡ್ಡು. ಚಪಾತಿ, ಚಟ್ನಿಪುಡಿ, ಬೇಯಿಸಿದ ಮೊಟ್ಟೆ ಕಟ್ಕೊಂಡು ಹೋಗಬಹುದು, ಯಾರೂ ತಡೆಯಲ್ಲ. ಪಕ್ಕದವರು ಮೂಗು ಮುಚ್ಚಿದರೆ ಅದು ಅವರ ಮೂಗು. ಆದರೆ ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಾಕ್ಕೆ ಮಾಂಸದ ಪದಾರ್ಥ ಒಯ್ಯಬೇಡಿ. ಅವ್ವ ಕಣ್ಣೀರು ಹಾಕಿ ಉಪ್ಪುಕಂಡ ಕಟ್ಟಿಕೊಟ್ಟರೂ ಬೇಡ. ಇಳಿದ ಮೇಲೆ ಕಸ್ಟಮ್ಸಿನವರು ಕಿತ್ತುಕೊಳ್ತಾರೆ, ದಂಡನೂ ಬೀಳಬಹುದು.

*ಹಡಗು*

ಎರಡು ವರ್ಷದ ಹಿಂದೆ ಮುಂಬೈಯಿಂದ ಗೋವಾ ಕಡೆ ಹೋಗೋ ಕ್ರೂಸಿನಲ್ಲಿ ಅವ್ವನ ಜೊತೆ ಫೋಟೋ ಹಾಕಿದ್ದೆ. ನಮ್ಮವರೇ ಒಬ್ಬರು, "ಹೋರಾಟಗಾರ್ತಿಗೆ ಕ್ರೂಸಿನ ದುಡ್ಡು ಎಲ್ಲಿಂದ ಬಂತು?" ಅಂತ ಕಮೆಂಟು ಹಾಕಿದರು. ಆವತ್ತು ಉತ್ತರ ಕೊಟ್ಟಿರಲಿಲ್ಲ, ಇವತ್ತು ಕೊಡ್ತೀನಿ. ಅವ್ವ ಪುರಸಭೆಯಲ್ಲಿ 31 ವರ್ಷ ಪೊರಕೆ ಹಿಡಿದವಳು. ನಿವೃತ್ತಿಯಾದಾಗ ಏನು ಬೇಕವ್ವ ಅಂದಿದ್ದಕ್ಕೆ, "ಟಿ.ವಿ.ಲಿ ತೋರುಸ್ತಾರಲ್ಲ, ಮನೆ ಥರದ ಅಡುಗು, ಅದರ ಮ್ಯಾಲೆ ಒಂದಿನ ಕೂರ್ಬೇಕು ಕನವ್ವ" ಅಂದಳು. ನಾನೂ ತಮ್ಮನೂ 14 ತಿಂಗಳು ಚೀಟಿ ಕಟ್ಟಿದೆವು. ಲೆಕ್ಕ ಮುಗೀತು.

ಹೋಗೋರಿಗೆ: ಜಾಹೀರಾತಿನ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದರೆ ತಲಾ ಇಷ್ಟು ಅಂತ ಇರುತ್ತೆ. ಒಬ್ಬರೇ ಹೋದರೆ ಜಾಸ್ತಿ. ಬಂದರಿನ ಶುಲ್ಕ, ತೆರಿಗೆ, ಸೇವಾ ಶುಲ್ಕ ಎಲ್ಲ ಕೊನೆ ಪುಟದಲ್ಲಿ ಸೇರುತ್ತೆ, ಅದನ್ನ ನೋಡಿದ ಮೇಲೇ ತೀರ್ಮಾನ ಮಾಡಿ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ಡೆಕ್ಕಿನಲ್ಲಿ ಕೂತು ಎಲ್ಲರೂ ನೋಡೋ ಕಡಲನ್ನೇ ನೋಡಬಹುದು. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಮಧ್ಯಭಾಗದ ಕ್ಯಾಬಿನ್ ತಗೊಂಡರೆ ಓಲಾಟ ಕಮ್ಮಿ. ವಾಂತಿಯ ಮಾತ್ರೆಯನ್ನ ತಲೆ ತಿರುಗೋಕೆ ಮುಂಚೆನೇ ತಗೊಳ್ಳಿ, ಬಿ.ಪಿ., ಶುಗರ್ ಇರೋರು ಡಾಕ್ಟರನ್ನ ಕೇಳಿ. ದೊಡ್ಡ ಊಟದ ಹಾಲಿನ ಊಟ ಟಿಕೆಟ್ಟಿನಲ್ಲೇ ಸೇರಿರುತ್ತೆ, ಕುಡಿಯೋದು, ಇಂಟರ್ನೆಟ್ಟು ಬೇರೆ. ಮೊಬೈಲನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ಏರುತ್ತೆ. ಲಕ್ಷದ್ವೀಪಕ್ಕೆ ಆದರೆ ಪ್ರವೇಶದ ಪರ್ಮಿಟ್ ಬೇಕು. ಕೊಚ್ಚಿಯಿಂದ ಅಲ್ಲಿನ ಆಡಳಿತದ ಹಡಗುಗಳೂ ಇವೆ.

ಹತ್ತುವಾಗ ಅವ್ವನಿಗೆ ಹೇಳಿದೆ, 1913ರಲ್ಲಿ ಬಾಬಾಸಾಹೇಬರು ಓದೋಕೆ ಅಮೆರಿಕಾಕ್ಕೆ ಹೊರಟಿದ್ದೂ ಇದೇ ಮುಂಬೈಯಿಂದ ಹಡಗಿನಲ್ಲೇ ಅಂತ. ಕಡಲು ದಾಟಿದರೆ ಜಾತಿ ಕೆಡುತ್ತೆ ಅಂತ ಮೇಲಿನವರು ಹೆದರ್ತಿದ್ದ ಕಾಲ ಅದು. ಅವ್ವ ಅಂದಳು: "ನಮ್ದೂ ಕೆಟ್ಟೋದ್ರೆ ಒಳ್ಳೇದಾಯ್ತು ಬುಡು."

ಮಾರನೇ ಬೆಳಿಗ್ಗೆ ಎದ್ದು ನೋಡ್ತೀನಿ, ಅವ್ವ ಬಾತ್‌ರೂಮಿನಲ್ಲಿ ಮಂಡಿಯೂರಿ ಟವೆಲ್ಲಿನಿಂದ ನೆಲ ಒರೆಸ್ತಿದ್ದಾಳೆ. ಹಾಸಿಗೆ ಮಡಚಿ ಆಗಿದೆ. ಕ್ಯಾಬಿನ್ ಕ್ಲೀನ್ ಮಾಡೋ ಹುಡುಗ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ಅಮ್ಮ ಬಿಡಿ, ಅದು ನನ್ನ ಕೆಲಸ ಅಂತಿದ್ದಾನೆ. ನನಗೆ ಕೋಪ ಬಂತು. "ಇಲ್ಲೂ ಇದೇನಾ ಅವ್ವ, ದುಡ್ಡು ಕೊಟ್ಟು ಬಂದಿದ್ದೀವಿ" ಅಂತ ರೇಗಿದೆ. ಅವ್ವ ಸೆರಗಲ್ಲಿ ಕೈ ಒರೆಸ್ಕೊಂಡು ಹೇಳಿದಳು: "ದುಡ್ ಕೊಟ್ಟೋರು ಎಂಗೆಂಗೆ ಬುಟ್ಟೋಯ್ತಾರೆ ಅಂತ ನಿಂಗೆ ಗೊತ್ತಿಲ್ಲ ಕನವ್ವ, ನಂಗೊತ್ತು."

ನನಗೆ ಮಾತು ಬರಲಿಲ್ಲ. ಪೌರಕಾರ್ಮಿಕರ ಬಗ್ಗೆ ವೇದಿಕೆ ಮೇಲೆ ಅರ್ಧ ಗಂಟೆ ಮಾತಾಡೋಳು ನಾನು. ಆದ್ದರಿಂದ ಇದೂ ಪ್ರಯಾಣದ ಸಲಹೆನೇ: ರೂಮು ಬಿಡುವಾಗ ಕಸ ಒಂದು ಕಡೆ ಸೇರಿಸಿ, ಬಳಸಿದ ಪ್ಯಾಡು, ಬ್ಲೇಡು ಕಾಗದದಲ್ಲಿ ಸುತ್ತಿಡಿ, ಕೈಲಾದಷ್ಟು ಟಿಪ್ಸನ್ನ ಆ ಮನುಷ್ಯರ ಕೈಗೇ ಕೊಡಿ. ನಾವು ಗಿರಾಕಿಗಳಾದ ಮೇಲೆ ಎಂಥ ಗಿರಾಕಿಗಳಾಗ್ತೀವಿ ಅನ್ನೋದೂ ನೋಡಬೇಕಲ್ಲ.

*ಅಲೆ*

ಕೊನೆಯದು ಸರ್ಫಿಂಗ್. ಇದು ವಿದೇಶದವರ ಆಟ ಅಂದ್ಕೋಬೇಡಿ. ದೇಶದ ಮೊದಲ ಸರ್ಫ್ ಕ್ಲಬ್ ಶುರುವಾಗಿದ್ದು 2004ರಲ್ಲಿ ನಮ್ಮ ಮೂಲ್ಕಿಯಲ್ಲಿ. 2016ರಲ್ಲಿ ಇಂಡಿಯನ್ ಓಪನ್ ನಡೆದಿದ್ದು ಪಕ್ಕದ ಸಸಿಹಿತ್ಲುವಿನಲ್ಲಿ. ಕರಾವಳಿಯ ಮೀನುಗಾರರ ಎಷ್ಟೋ ಮಕ್ಕಳು ಈಗ ಒಳ್ಳೆ ಸರ್ಫರುಗಳು, ತರಬೇತುದಾರರು. 2025ರಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ, ಕರ್ನಾಟಕದಿಂದ ಕೇರಳದ ಕೋವಳಂಗೆ ದುಡಿಯೋಕೆ ಹೋದ ಕುಟುಂಬದ ಹುಡುಗ.

ಹೋದ ಫೆಬ್ರವರಿಯಲ್ಲಿ ನಾನು ನಾಲ್ಕು ಹಾಸ್ಟೆಲ್ ಮಕ್ಕಳನ್ನ ಮೂಲ್ಕಿಗೆ ಕರ್ಕೊಂಡು ಹೋಗಿದ್ದೆ. ನಾಲ್ವರೂ ಕಡಲು ನೋಡಿರಲಿಲ್ಲ. ಮೈಸೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ಉಡುಪಿ ಕಡೆ ಬಸ್ಸಿನಲ್ಲಿ ಸುಮಾರು 30 ಕಿ.ಮೀ. ಹುಡುಗಿಯರಿಗೂ ನನಗೂ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಫ್ರೀ. ಕರಾವಳಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅದಕ್ಕೆ ದುಡ್ಡು ಇಟ್ಕೊಂಡಿರಿ.

ಒಂದು ಹೋಂಸ್ಟೇ ಬುಕ್ ಮಾಡಿದ್ದೆವು. ಹೆಸರು ಬೇಡ. ಯಜಮಾನ್ತಿ ಬಾಗಿಲಲ್ಲೇ ಮಾತಾಡಿಸಿದರು. ಯಾವೂರು, ಏನು ಕೆಲಸ, ಎಲ್ಲ ಆಯ್ತು. ಆಮೇಲೆ ಮೆಲ್ಲಗೆ, "ನೀವು ಯಾವ ಜನ?" ಅಂತ ಕೇಳಿದರು. ಇಪ್ಪತ್ತು ವರ್ಷದಿಂದ ಚಳವಳಿಯಲ್ಲಿರೋಳು ನಾನು. ಆದರೆ ಪಕ್ಕದಲ್ಲಿ ರಾತ್ರಿ ಪೂರ್ತಿ ಬಸ್ಸಲ್ಲಿ ಕೂತು ಬಂದ ನಾಲ್ಕು ಮಕ್ಕಳು. ನನ್ನ ಬಾಯಿಂದ ಬಂದಿದ್ದು: "ಮೈಸೂರು ಕಡೆ ಲಿಂಗಾಯತರು. ನಮಗೆ ಸಸ್ಯಾಹಾರ."

ಮಧ್ಯಾಹ್ನ ಒಳಗೇ ಕೂರಿಸಿ ಬಾಳೆಲೆಯಲ್ಲಿ ಬಡಿಸಿದರು. ಅನ್ನ ಗಂಟಲಲ್ಲಿ ಇಳೀಲಿಲ್ಲ. ಬಂಗುಡೆ ತಿನ್ನಬೇಕು ಅಂತ ಬಸ್ಸಿನುದ್ದಕ್ಕೂ ಹೇಳ್ತಾ ಬಂದಿದ್ದ ಪಿಯುಸಿ ಹುಡುಗ ತಲೆ ಬಗ್ಗಿಸಿ ಸಾರು ಕಲಸ್ತಿದ್ದ.

ರಾತ್ರಿ ಅವನೇ ಬಂದು ಪಕ್ಕದಲ್ಲಿ ಕೂತ. "ಬೇಜಾರು ಮಾಡ್ಕೋಬೇಡಿ ಅಕ್ಕ. ಬಾಬಾಸಾಹೇಬ್ರೂ ಬರೋಡಾದಲ್ಲಿ ಪಾರ್ಸಿ ಹೆಸರು ಬರೆಸಿರಲಿಲ್ವಾ?" ಅಂದ. ನಾನೇ ಹಾಸ್ಟೆಲಿನಲ್ಲಿ ಓದಿಸಿದ ಪುಸ್ತಕ. ಸಮಾಧಾನ ಹೇಳೋಕೆ ಬಂದವನ ಮುಂದೆ ನನಗೆ ಅಳು ಬಂತು. ಬಾಬಾಸಾಹೇಬರಿಗೆ ಆವತ್ತು ಬೇರೆ ದಾರಿ ಇರಲಿಲ್ಲ. ಅವರು ಅದನ್ನ ಬರೆದಿಟ್ಟಿದ್ದು, ಸಂವಿಧಾನ ಕೊಟ್ಟಿದ್ದು ನಾವು ಮತ್ತೆ ಬೇರೆ ಹೆಸರು ಬರೆಸಲಿ ಅಂತಲಾ?

ಬೆಳಿಗ್ಗೆ ಯಜಮಾನ್ತಿ ಹತ್ತಿರ ಹೋಗಿ, ನಿನ್ನೆ ಸುಳ್ಳು ಹೇಳಿದೆ, ನಾವು ದಲಿತರು ಅಂದೆ. ಅವರು ಏನೂ ಅನ್ನಲಿಲ್ಲ. ಅರ್ಧ ಗಂಟೆ ಬಿಟ್ಟು ತಿಂಡಿ ಬಂತು. ಜಗಲಿ ಮೇಲೆ, ಕಾಗದದ ತಟ್ಟೆಯಲ್ಲಿ. ಮಕ್ಕಳು ನನ್ನ ಮುಖ ನೋಡಿದರು. ತಿನ್ನಲಿಲ್ಲ. ಬಿಲ್ಲು ಕೇಳಿ ತಗೊಂಡು, ತಟ್ಟೆಗಳ ಫೋಟೋ ತೆಗೆದು, ಬ್ಯಾಗು ಹೊತ್ತು ಹೊರಟೆವು. ಬಸ್‌ಸ್ಟ್ಯಾಂಡಿನ ಹತ್ತಿರ ಮೀನಿನ ಹೋಟೆಲಿನ ಮೇಲೆ ಎರಡು ರೂಮು ಸಿಕ್ಕಿತು. ಅಲ್ಲಿ ಜಾತಿ ಕೇಳಲಿಲ್ಲ, ಆಧಾರ್ ಕೇಳಿದರು. ಹುಡುಗ ಆವತ್ತು ಐದು ಬಂಗುಡೆ ತಿಂದ.

ನಿಮಗೆ ಹೀಗಾದರೆ: ಬುಕಿಂಗ್ ಮೆಸೇಜು, ಬಿಲ್ಲು, ಫೋಟೋ ಇಟ್ಕೊಳ್ಳಿ. ದುಡ್ಡು ಪಡೆದು ಜಾಗ ಕೊಡೋ ವಸತಿಗಳಲ್ಲಿ ಅಸ್ಪೃಶ್ಯತೆ ಆಚರಿಸೋದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ, 1989ರ ದೌರ್ಜನ್ಯ ತಡೆ ಕಾಯ್ದೆನೂ ಇದೆ. 14566 ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಬಹುದು. ನಾನು ಆವತ್ತು ದೂರು ಕೊಡಲಿಲ್ಲ. ಮಕ್ಕಳ ಎರಡು ದಿನ ಸ್ಟೇಷನ್ನಿನಲ್ಲಿ ಕಳೆಯೋದು ಬೇಡ ಅನ್ನಿಸ್ತು. ಅದು ಸರಿಯೋ ತಪ್ಪೋ ಅಂತ ಇನ್ನೂ ಯೋಚನೆ ಮಾಡ್ತಿದ್ದೀನಿ, ನೀವೂ ಹೇಳಿ.

ಈಗ ನೀರಿಗಿಳಿಯೋದು. ಕಲಿಯೋರಿಗೆ ಅಕ್ಟೋಬರಿನಿಂದ ಮೇ ಮೊದಲವರೆಗೆ ಒಳ್ಳೇದು, ಮಳೆಗಾಲದಲ್ಲಿ ನಮ್ಮ ಕಡಲಿಗೆ ಇಳೀಬೇಡಿ. ಬೆಳಿಗ್ಗೆ ಹೊತ್ತು ಗಾಳಿ ಕಮ್ಮಿ, ಅಲೆ ನಯ. ಮೊದಲ ದಿನ ಮೆತ್ತನೆ ಮೇಲ್ಮೈಯ ಉದ್ದ ಬೋರ್ಡೇ ಕೇಳಿ. ಕಾಲಿಗೆ ಕಟ್ಟೋ ಹಗ್ಗ ಬಿಚ್ಚಬೇಡಿ. ಬೀಳುವಾಗ ತಲೆ ಮೇಲೆ ಕೈ ಇಟ್ಟು, ಚಪ್ಪಟೆಯಾಗಿ ಬೀಳಿ. ಸೆಳೆತ ಒಳಕ್ಕೆ ಎಳೆದರೆ ಅದರ ವಿರುದ್ಧ ದಡಕ್ಕೆ ಗುದ್ದಾಡಬೇಡಿ, ಬೋರ್ಡು ಹಿಡಿದು ದಡಕ್ಕೆ ಸಮವಾಗಿ ಪಕ್ಕಕ್ಕೆ ಸರೀರಿ, ಕೈ ಎತ್ತಿ ಕೂಗಿ. ಮೈ ಮುಚ್ಚೋ ಬಿಗಿ ಟೀಶರ್ಟು ಹಾಕಿ, ಇಲ್ಲಾಂದರೆ ಹೊಟ್ಟೆ ಉಜ್ಜಿ ಕೆಂಪಾಗುತ್ತೆ. ಕಪ್ಪು ಮೈಯೂ ಬಿಸಿಲಿಗೆ ಸುಡುತ್ತೆ, ಸನ್‌ಸ್ಕ್ರೀನ್ ಹಚ್ಚಿ.

"ಈಜು ಬರ್ತದಾ?" ಅಂತ ಕೇಳಿದ ತರಬೇತುದಾರ ಹುಡುಗ, ಬೆಸ್ತರ ಮನೆಯವನು. ನಮ್ಮಲ್ಲಿ ಯಾರಿಗೂ ಬರ್ತಿರಲಿಲ್ಲ. ಊರ ಕಲ್ಯಾಣಿಗೆ ಇಳಿಯೋಕೆ ಬಿಡದಿದ್ದವರು ಈಜು ಎಲ್ಲಿ ಕಲೀಬೇಕು? ಕೆರೆ ನೀರು ಮುಟ್ಟೋಕೆ 1927ರಲ್ಲಿ ಮಹಾಡಿನಲ್ಲಿ ಸತ್ಯಾಗ್ರಹ ಮಾಡಬೇಕಾಯ್ತು. ಅವನಿಗೆ ಅಷ್ಟೆಲ್ಲ ಹೇಳಲಿಲ್ಲ, ಬರಲ್ಲ ಅಂದೆ. "ತೊಂದರೆ ಇಲ್ಲ, ಸೊಂಟದಷ್ಟು ನೀರಲ್ಲೇ ಮಾಡುವ. ಕಾಲು ನೋಡ್ಬೇಡಿ, ದಡ ನೋಡಿ, ಆಯ್ತಾ" ಅಂದ. ನಿಮಗೂ ಇದೇ ಹೇಳ್ತೀನಿ: ಈಜು ಬರಲ್ಲ ಅನ್ನೋದನ್ನ ಮುಚ್ಚಿಡಬೇಡಿ, ಮೊದಲೇ ಹೇಳಿ. ಆಮೇಲೆ ಊರಿಗೆ ಬಂದು ಕಲೀರಿ.

ಮೊದಲು ನಿಂತಿದ್ದು ಆ ಬಂಗುಡೆ ಹುಡುಗನೇ. ಎಣಿಸಿದರೆ ಮೂರು ಸೆಕೆಂಡ್ ಇರಬಹುದು. ನಾನು ಹನ್ನೊಂದು ಸಲ ಬಿದ್ದೆ, ಉಪ್ಪು ನೀರು ಕುಡಿದೆ, ಒಮ್ಮೆ ಮಂಡಿ ಮೇಲೆ ನಿಂತೆ. ದಡಕ್ಕೆ ಬಂದು ಮರಳಲ್ಲಿ ಬಿದ್ಕೊಂಡು ನಾವು ಐದೂ ಜನ ಸುಮ್ಮನೆ ನಗ್ತಾ ಇದ್ದೆವು. ಸಭೆಗಲ್ಲ, ಧರಣಿಗಲ್ಲ, ಯಾರದೋ ಸಾವಿಗೆ ನ್ಯಾಯ ಕೇಳೋಕಲ್ಲ, ಬರೀ ಆಡೋಕೆ ಅಂತ ನಾವು ಊರು ಬಿಟ್ಟು ಹೋಗಿದ್ದು ಅದೇ ಮೊದಲು.

ಇಂಗ್ಲೆಂಡಿನ ಹುಡುಗಿ ಈ ಭಾನುವಾರ ಹೊರಡ್ತಾಳೆ. ಸೂಟ್‌ಕೇಸು 22 ಕೆ.ಜಿ. ಆಗಿದೆಯಂತೆ, ಟಿಕೆಟ್ಟಿನಲ್ಲಿ 23ಕ್ಕೆ ಜಾಗ ಇದೆ. ಉಳಿದ ಒಂದು ಕೆ.ಜಿ.ಗೆ ಏನು ಹಾಕಲಿ ಅಂತ ಕೇಳಿದಳು. ಚಟ್ನಿಪುಡಿ ಹಾಕ್ಕೋ, ಅಲ್ಲಿ ಸಿಗಲ್ಲ ಅಂದೆ. ಲಂಡನ್ನಿನ ಕಿಂಗ್ ಹೆನ್ರಿಸ್ ರಸ್ತೆಯಲ್ಲಿ 10ನೇ ನಂಬರಿನ ಮನೆ ಇದೆ, ಬಾಬಾಸಾಹೇಬರು ಓದುವಾಗ ಇದ್ದದ್ದು, ಮೊದಲ ರಜಾದಿನ ಅಲ್ಲಿಗೆ ಹೋಗಿ ನನಗೊಂದು ಫೋಟೋ ಕಳಿಸು ಅಂತಲೂ ಹೇಳಿದೆ.

ನಿಮಗೆ ಗೊತ್ತಿರೋದನ್ನ ಕೆಳಗೆ ಬರೀರಿ. ದಡ್ಡ ಪ್ರಶ್ನೆ ಅಂತ ಯಾರೂ ಅಂದ್ಕೋಬೇಡಿ, ಕೇಳಿ. ನನಗೆ ಗೊತ್ತಿಲ್ಲದಿದ್ದರೆ ಗೊತ್ತಿರೋರನ್ನ ಹುಡುಕಿ ಹೇಳ್ತೀನಿ.

ಜೈ ಭೀಮ್.